ಬಾಜು ಮನಿ ಸ್ಲ್ಯಾಬ್ ಮ್ಯಾಲ ಮೊಬೈಲ್ ಟವರ್ ಬರಾಕತ್ತೈತಿ, ತಡ್ಯಾಕ ಯಾವ ನಿಯಮ ಐತಿ?

ಗಲ್ಲಿ ಕೊನಿ ಮನಿ (ಬೆಳಗಾವಿ)
ಎಲ್ಲಾರಿಗೂ ನಮಸ್ಕಾರ ರೀ. ನಮ್ದು ಶಹಾಪುರ ಕಡೆ ಒಂದು ಸಣ್ಣ ಗಲ್ಲಿ. ಎದುರಾಎದುರು ಮನಿ, ನಡುವ ಒಂದು ಟಂಟಂ ಹೋದ್ರ ಸೈಕಲ್ ಗ್ವಾಡಿಗೆ ಒತ್ತಿ ನಿಲ್ಲಬೇಕು, ಅಷ್ಟ ಜಾಗಾ. ಬಾಜು ಮನಿ ಕಾಕೂ ತಮ್ಮ ಸ್ಲ್ಯಾಬ್ ಮ್ಯಾಲ ಮೊಬೈಲ್ ಟವರ್ ಕುಂಡ್ರಸಾಕ ಒಪ್ಪಿಕೊಂಡಾರ. ತಿಂಗಳಿಗೆ ಹದಿನೈದು ಸಾವಿರ ಬಾಡಿಗಿ ಅಂತ. ಹೋದ ವಾರ ಕಬ್ಬಿಣದ ಆ್ಯಂಗಲ್ ತಂದು ಅಂಗಳದಾಗ ಇಳಿಸ್ಯಾರ.

ನಾವು ಗಲ್ಲಿಯವರೆಲ್ಲಾ ಕೂಡಿ 42 ಸಹಿ ಮಾಡಿ ಅರ್ಜಿ ಕೊಟ್ವಿ: ರೇಡಿಯೇಶನ್ ಆಗತೈತಿ, ಸಣ್ಣ ಹುಡುಗ್ರು ಅದಾರ, ಇದು ರಹವಾಸಿ ವಲಯ ಅಂತ. ಊರಿನ ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕಾಶೆದಾಗ ನಮ್ಮ ಗಲ್ಲಿ ಪೂರ್ತಿ ಹಳದಿ ಬಣ್ಣದಾಗ ಐತಿ, ಅಂದ್ರ ವಸತಿಗೆ ಅಷ್ಟ. ಪಾಲಿಕೆ ಕಚೇರಿಯಾಗಿನ ಸಾಹೇಬ್ರು ಅರ್ಜಿ ಓದಿ ಸಮಾಧಾನದಿಂದ ಹೇಳಿದ್ರು: "ಖಾಸಗಿ ಕಟ್ಟಡದ ಮ್ಯಾಲ ಹಾಕಾಕ ನಮ್ಮ ಪರವಾನಗಿನ ಬೇಕಾಗಿಲ್ರಿ." ಇದು ಖರೇನ? ಹಳದಿ ಬಣ್ಣಕ್ಕ ಏನೂ ಕಿಮ್ಮತ್ತ ಇಲ್ಲೇನು?

ಕಾಕೂ ಜೋಡಿ ಮಾತ ನಿಂತಾವ. ಈ ಸಲ ಪಂಚಮಿ ಉಂಡಿ ಡಬ್ಬಿ ಆ ಕಡೆಯಿಂದ ಬರಲಿಲ್ಲ, ಈ ಕಡೆಯಿಂದ ಹೋಗಲೂ ಇಲ್ಲ.

ಕರಿ ಕೋಟು (ವಿಜಯಪುರ)
ಸಾಹೇಬ್ರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ಹೇಳಿಲ್ಲ. ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೋರಿ.

ಟವರ್ ಎಲ್ಲಿ ನಿಲ್ಲಬೇಕು ಅನ್ನೋದು ಮೊದಲು ಆಯಾ ಊರಿನ ಸಂಸ್ಥೆ ಹೇಳಿದಂಗ ನಡೀತಿತ್ತು. ಒಂದೂರಾಗ ಒಂದು ಶುಲ್ಕ, ಇನ್ನೊಂದೂರಾಗ ಇನ್ನೊಂದು ಷರತ್ತು. 2016ರ ನವೆಂಬರ್‌ದಾಗ ಕೇಂದ್ರ ಸರ್ಕಾರ ಮಾರ್ಗಾಧಿಕಾರ ನಿಯಮ (ಟವರ್, ಕೇಬಲ್ ಹಾಕಾಕ ಜಾಗಾ ಬಳಸೂ ನಿಯಮ) ತಂತು. ಅರ್ಜಿಗೆ 60 ದಿನದಾಗ ಉತ್ತರ ಕೊಡದಿದ್ರ ಒಪ್ಪಿಗೆ ಸಿಕ್ಕಂಗ ಅಂತ ಅದರೊಳಗ ಬಂತು. 2022ರ ಆಗಸ್ಟ್ ತಿದ್ದುಪಡಿ ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಖಾಸಗಿ ಆಸ್ತಿ ಮ್ಯಾಲ ಟವರ್ ಅಥವಾ ಕಂಬ ಹಾಕಾಕ ಸ್ಥಳೀಯ ಸಂಸ್ಥೆಯ ಅನುಮತಿ ಬೇಕಿಲ್ಲ, ಆದರೆ ಕೆಲಸ ಸುರು ಮಾಡೂ ಮೊದಲು ಲಿಖಿತ ಮಾಹಿತಿ ಕೊಡಬೇಕು ಅಂತ ಅದು ಹೇಳ್ತು. ಅದರ ಜೋಡಿ ಆ ಕಟ್ಟಡ ಭಾರ ತಡೀತದ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಕೊಟ್ಟ ಪ್ರಮಾಣಪತ್ರದ ಪ್ರತಿ ಇರಬೇಕು. "ಪರವಾನಗಿ ಬೇಕಿಲ್ಲ" ಅನ್ನೋದು ಎಲ್ಲಾರಿಗೂ ನೆನಪಿರ್ತದ. ಮುಂದಿನ ವಾಕ್ಯ ಯಾರಿಗೂ ನೆನಪಿರೂದಿಲ್ಲ.

ಆಮ್ಯಾಲ 2023ರ ದೂರಸಂಪರ್ಕ ಕಾಯ್ದೆ ಬಂತು, ಅದರ ಕೆಳಗಿನ ಹೊಸ ಮಾರ್ಗಾಧಿಕಾರ ನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಾವ. ಈ ಕಾಯ್ದೆ ಪ್ರಕಾರ ಮಾರ್ಗಾಧಿಕಾರದ ತಕರಾರು ಜಿಲ್ಲಾಧಿಕಾರಿ ಮುಂದ ಹೋಗಬೇಕು. ರಾಜ್ಯ ಸರ್ಕಾರವೂ 2019ರಾಗ ಹೊಸ ಟವರ್‌ಗಳಿಗೆ ನಿಯಮಾವಳಿ ಮಾಡ್ಯದ.

ಹಳದಿ ಬಣ್ಣದ ವಾದ ಬಿಡ್ರಿ. ಮನಿ ಇದ್ದಲ್ಲೇ ಫೋನ್ ಇರ್ತದ, ಫೋನ್ ಇದ್ದಲ್ಲಿ ಟವರ್ ಬರ್ತದ. ವಸತಿ ವಲಯ ಅನ್ನೋ ಒಂದ ಕಾರಣಕ್ಕ ಇದು ನಿಲ್ಲೂದಿಲ್ಲ.

ಮುಳುಗಡಿ ಮಂದಿ (ಬಾಗಲಕೋಟೆ)
ವಕೀಲ್ರು ಹೇಳಿದ್ದು ಬರೋಬ್ಬರಿ, ಆದರ ವಲಯಕ್ಕ ಕಿಮ್ಮತ್ತ ಪೂರಾ ಇಲ್ಲಂತ ಅನಬ್ಯಾಡ್ರಿ. ನಮ್ಮ ನವನಗರ ನೋಡ್ರಿ, ಹಳೇ ಊರು ಹಿನ್ನೀರಿಗೆ ಹ್ವಾದಮ್ಯಾಲ ಸೆಕ್ಟರ್ ಲೆಕ್ಕದಾಗ ಗೆರಿ ಹೊಡೆದು ಕಟ್ಟಿದ್ದು. ಉದ್ಯಾನಕ್ಕ ಬಿಟ್ಟ ಜಾಗಾ ಬ್ಯಾರೆ, ನಾಗರಿಕ ಸೌಲಭ್ಯದ ಜಾಗಾ ಬ್ಯಾರೆ. ನಮ್ಮ ಸೆಕ್ಟರ್ ಉದ್ಯಾನದಾಗ ಒಂದು ಕಂಪನಿಯವರು ಗುಂಡಿ ತೋಡಾಕ ಬಂದಿದ್ರು. ನಾವು ರೇಡಿಯೇಶನ್ ಸುದ್ದಿನ ಎತ್ತಲಿಲ್ಲ. 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಾ ಸಂರಕ್ಷಣಾ ಕಾಯ್ದೆ ಐತಲ್ಲ, ಅದರ ಪ್ರತಿ ಮತ್ತ ಲೇಔಟ್ ನಕಾಶೆ, ಇವೆರಡನ್ನ ಹಿಡಕೊಂಡು ಹ್ವಾದ್ವಿ. ಹದಿನೈದು ದಿನದಾಗ ರಸ್ತೆ ಆ ಕಡೆ ಸರಕೊಂಡು ಹಾಕಿದ್ರು.

ಸಾರ್ವಜನಿಕ ಜಾಗಾ ಆದ್ರ ಆಟ ಬ್ಯಾರೆ, ಖಾಸಗಿ ಸ್ಲ್ಯಾಬ್ ಆದ್ರ ಆಟ ಬ್ಯಾರೆ.

ಗುಮ್ಮಟದ ನೆರಳು (ವಿಜಯಪುರ)
ನಮ್ಮೂರಾಗ ಮೂರನೇ ಆಟ ಅದ. ಇಲ್ಲಿ ಕಣ್ಣ ಮುಚ್ಚಿ ಕಲ್ಲೊಗದ್ರ ಯಾವುದಾರ ಸ್ಮಾರಕಕ್ಕ ಬೀಳ್ತದ. ಕೇಂದ್ರ ಸಂರಕ್ಷಿತ ಸ್ಮಾರಕದ ಮೇರೆಯಿಂದ 100 ಮೀಟರ್ ನಿಷೇಧಿತ, ಅಲ್ಲಿಂದ ಮುಂದ 200 ಮೀಟರ್ ನಿಯಂತ್ರಿತ. ಸ್ಮಾರಕ ಕಾಯ್ದೆಗೆ 2010ರ ತಿದ್ದುಪಡಿ ಆದಮ್ಯಾಲ ಬಾಳ ಬಿಗಿ ಆಗ್ಯದ. ಟವರ್ ಬಿಡ್ರಿ, ನಮ್ಮಪ್ಪ ಸಂಡಾಸದ ಗ್ವಾಡಿ ರಿಪೇರಿಗೆ ಎನ್‌ಓಸಿ ತರೂದ್ರಾಗ ಎರಡು ಮಳಿಗಾಲ ಹೋದ್ವು.

ಗೋಲಗುಮ್ಮಟದಾಗ ಪಿಸು ಅಂದ್ರ ಏಳು ಸಲ ಕೇಳ್ತದ. ನಮ್ಮ ಮನ್ಯಾಗ ನಿಂತು ಹಲೋ ಹಲೋ ಅಂತ ಒದರಿದ್ರ ಒಂದು ಸಲನೂ ಕೇಳೂದಿಲ್ಲ. 😀

ಖಾನಾಪುರ ಕಾಡಿನ್ಯಾಗ
ನಿಮ್ಮ ಜಗಳ ಓದಿ ನಗು ಬರಾಕತ್ತೈತಿ, ಸಿಟ್ಟೂ ಬರಾಕತ್ತೈತಿ. ನಮ್ಮೂರು ಭೀಮಗಡ ಅಭಯಾರಣ್ಯದ ಅಂಚಿಗೆ ಐತಿ. ಮಳಿ ಹಿಡೀತಂದ್ರ ಕರೆಂಟ್ ಇಲ್ಲ, ಕರೆಂಟ್ ಇಲ್ಲಂದ್ರ ಇದ್ದ ಒಂದು ಕಡ್ಡಿ ನೆಟ್‌ವರ್ಕೂ ಇಲ್ಲ. ಹೋದ ವರ್ಷ ನಮ್ಮ ದೊಡ್ಡವ್ವಗ ಹಾವು ಕಡೀತು. ನಮ್ಮ ತಮ್ಮ ಬೈಕ್ ತಗೊಂಡು ದಿಬ್ಬದ ಮ್ಯಾಲ ಹೋಗಿ 108ಕ್ಕ ಫೋನ್ ಹಚ್ಚಿ, ವಾಪಸ್ ಬಂದು "ಬರ್ತಾರಂತ" ಅಂತ ಹೇಳಿ, ಎಲ್ಲಿ ತನಕ ಬಂದ್ರು ಅಂತ ಕೇಳಾಕ ಮತ್ತ ದಿಬ್ಬಕ್ಕ ಹ್ವಾದ. ಆಕಿ ಉಳಿದ್ಲು, ದೇವರ ದಯಾ.

ನೆಟ್‌ವರ್ಕ್ ಇಲ್ಲದ ಹಳ್ಳಿಗೆ 4ಜಿ ಕೊಡ್ತೀವಂತ ಕೇಂದ್ರ 2022ರಾಗ 26,316 ಕೋಟಿ ರೂಪಾಯಿ ಯೋಜನೆ ಮಾಡ್ತು, 24,680 ಹಳ್ಳಿ ಅಂತ ಪೇಪರ್‌ದಾಗ ಓದೇವಿ. ನಮ್ಮ ಕಡೆ ಟವರ್ ಅಂದ್ರ ಅರಣ್ಯದ ಒಪ್ಪಿಗಿ ಬ್ಯಾರೆ ಬೇಕು. ನಿಮಗ ಬ್ಯಾಡಾದದ್ದು ಇಲ್ಲಿ ಕಳಸ್ರಿ, ಆರತಿ ಮಾಡಿ ಕರಕೋತೀವಿ.

ಗಲ್ಲಿ ಕೊನಿ ಮನಿ
ಅಣ್ಣಾರ, ನಿಮ್ಮ ತ್ರಾಸ ದೊಡ್ಡದು, ಒಪ್ತೀನಿ. ಆದರ ನಮ್ಮ ಮಗಳ ಓದೂ ಖೋಲಿ ಕಿಡಕಿಯಿಂದ ಆ ಸ್ಲ್ಯಾಬ್‌ಗೆ ಕೈ ಚಾಚಿದ್ರ ನಿಲುಕತೈತಿ. ಹೆದರಿಕಿ ಆಗೂದಿಲ್ಲೇನ್ರಿ?

ವಿಜ್ಞಾನದ ಮಾಸ್ತರ (ಜಮಖಂಡಿ)
ಹೆದರಿಕೆ ಸಹಜ. ಆದರೆ ಯಾವುದಕ್ಕೆ ಎಷ್ಟು ಹೆದರಬೇಕು ಅನ್ನುವ ಲೆಕ್ಕ ಇರಲಿ. ಮೊಬೈಲ್ ತರಂಗಗಳು ಎಕ್ಸ್-ರೇ ಥರ ಅಣುವನ್ನು ಒಡೆಯುವಂಥವಲ್ಲ. ಗೊತ್ತಿರುವ ಪರಿಣಾಮ ಅಂದರೆ ಬಿಸಿ ಮಾಡುವುದು. ಅಂತರರಾಷ್ಟ್ರೀಯ ಮಿತಿ 900 ಮೆಗಾಹರ್ಟ್ಸ್‌ಗೆ ಒಂದು ಚದರ ಮೀಟರಿಗೆ 4.5 ವಾಟ್. ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಅದನ್ನು ಹತ್ತನೇ ಒಂದು ಭಾಗಕ್ಕೆ, ಅಂದರೆ 0.45 ವಾಟ್‌ಗೆ ಇಳಿಸಿತು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ತರಂಗಗಳನ್ನು "ಕ್ಯಾನ್ಸರ್ ತರಬಹುದಾದ ಸಾಧ್ಯತೆ" ಇರುವ 2ಬಿ ಗುಂಪಿಗೆ ಹಾಕಿದ್ದು ನಿಜ. ಅದಕ್ಕೆ ಮುಖ್ಯ ಆಧಾರ ಕಿವಿಗೆ ಒತ್ತಿ ಹಿಡಿಯುವ ಫೋನಿನ ಅಧ್ಯಯನಗಳು, ದೂರದ ಟವರ್ ಅಲ್ಲ. ಇನ್ನೊಂದು ಮಾತು. ಸಿಗ್ನಲ್ ಕಡಿಮೆ ಇದ್ದಾಗ ನಿಮ್ಮ ಕೈಯಲ್ಲಿರುವ ಫೋನೇ ಜೋರಾಗಿ ದುಡಿಯುತ್ತದೆ. ಟವರ್ ದೂರ ಹೋದಷ್ಟೂ ಕಿವಿಯ ಹತ್ತಿರದ ಶಕ್ತಿ ಹೆಚ್ಚುತ್ತದೆ. ಇದನ್ನು ತರಗತಿಯಲ್ಲಿ ಹೇಳಿದರೆ ಹುಡುಗರು ನಂಬುತ್ತಾರೆ, ಪಾಲಕರ ಸಭೆಯಲ್ಲಿ ಹೇಳಿದರೆ "ಮಾಸ್ತರಿಗೆ ಕಂಪನಿ ಎಷ್ಟು ಕೊಟ್ಟಿತು" ಅಂತಾರೆ.

ತಂಪು ಗಾಳಿ (ಬೆಳಗಾವಿ)
ಮಾಸ್ತರ, ಹಂಗಾದ್ರ ಗ್ವಾಲಿಯರ್‌ದಾಗ 2017ಕ್ಕ ಸುಪ್ರೀಂ ಕೋರ್ಟ್ ಟವರ್ ಯಾಕ ಬಂದ್ ಮಾಡಿಸ್ತು? ರಾಜಸ್ಥಾನ ಹೈಕೋರ್ಟ್ 2012ರಾಗ ಸಾಲಿ, ದವಾಖಾನಿ ಮ್ಯಾಲಿನ ಟವರ್ ತೆಗೀರಿ ಅಂತ ಯಾಕ ಹೇಳ್ತು? ನೀವು ಕೋರ್ಟಿಗಿಂತ ಶ್ಯಾಣ್ಯಾರೇನು?

ಕರಿ ಕೋಟು
ಗ್ವಾಲಿಯರ್‌ದು ಒಬ್ಬ ಕ್ಯಾನ್ಸರ್ ರೋಗಿಯ ಅರ್ಜಿ ಮ್ಯಾಲ ಒಂದು ಟವರ್ ಬಗ್ಗೆ ಬಂದ ಆದೇಶ. ಅದು ದೇಶಕ್ಕೆಲ್ಲ ನಿಯಮ ಆಗಲಿಲ್ಲ. ರಾಜಸ್ಥಾನದ್ದು ಆ ರಾಜ್ಯದ ಹೈಕೋರ್ಟಿನದು. ಬ್ಯಾರೆ ಹೈಕೋರ್ಟುಗಳು ಗಟ್ಟಿ ಪುರಾವೆ ಇಲ್ಲಂತ ಇಂಥ ಅರ್ಜಿ ತಳ್ಳಿ ಹಾಕ್ಯಾವ. ಬರೇ "ರೇಡಿಯೇಶನ್" ಅಂತ ಬರೆದ ಅರ್ಜಿ ನಮ್ಮ ಕಡೆ ನಿಲ್ಲೂದು ಕಷ್ಟ. ಮಾಸ್ತರನ್ನ ಬಿಡ್ರಿ, ಅವರ ಮ್ಯಾಲ ಯಾಕ ಸಿಟ್ಟು.

ಮಗ ಡಲ್ಲಾಸದಾಗ (ಬೆಳಗಾವಿ)
ಅಮೆರಿಕಾದಾಗೂ ಇದ ಜಗಳ ಐತಿ ಅಂತ ನಮ್ಮ ಮಗ ಹೇಳ್ತಾನ. ಅಲ್ಲಿ ಊರಿನ ವಲಯ ಮಂಡಳಿ ಮುಂದ ವಿಚಾರಣೆ ಆಗತೈತಿ. ಎತ್ತರ ಎಷ್ಟು, ರಸ್ತೆಯಿಂದ ಎಷ್ಟು ಬಿಡಬೇಕು, ಚೆಂದ ಕಾಣಾಕ ಪೈನ್ ಗಿಡದಂಗ ಬಣ್ಣ ಬಳೀಬೇಕೋ, ಇವೆಲ್ಲ ಊರಿನವರು ಕೇಳಬಹುದು. ಆದರ 1996ರ ಅವರ ಕಾಯ್ದೆ ಪ್ರಕಾರ, ಕೇಂದ್ರದ ಮಿತಿಯೊಳಗ ಇದ್ರ, ರೇಡಿಯೇಶನ್ ಕಾರಣ ಹೇಳಿ ಊರಿನವರು ಟವರ್ ತಡಿಯೂ ಹಂಗಿಲ್ಲ. ಇದ್ದ ಟವರ್‌ಗೆ ಇನ್ನೊಂದು ಆಂಟೆನಾ ಜೋಡಸಾಕ 90 ದಿನ, ಹೊಸಾದಕ್ಕ 150 ದಿನದಾಗ ಊರಿನವರು ಹ್ಞೂಂ ಅಥವಾ ಊಹ್ಞೂಂ ಅನಬೇಕು. ಅಲ್ಲಿ ಮಂದೀನೂ ಎದಿಯಾಗ ರೇಡಿಯೇಶನ್ ಇಟ್ಕೊಂಡು ಬಾಯಾಗ ಎತ್ತರ, ಚೆಂದ ಅಂತ ಮಾತಾಡ್ತಾರಂತ.

ಹಗ್ಗದ ಮ್ಯಾಲಿನಾಂವ (ಗೋಕಾಕ)
ನಾನು ಒಂಬತ್ತು ವರ್ಷ ಟವರ್ ಹತ್ತಿ ಇಳಿಯೂ ಕೆಲಸ ಮಾಡೇನಿ, ಈಗ ಬಿಟ್ಟೇನಿ, ಮೊಣಕಾಲ ಹ್ವಾದ್ವು. ಒಂದೆರಡು ಮಾತ ಹೇಳ್ತೀನಿ.

ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ, ಆಂಟೆನಾನೂ ಹಂಗ. ಆ ಬಿಳೇ ಉದ್ದಾನ ಡಬ್ಬಿ ತನ್ನ ಮುಂದಕ್ಕ, ಸ್ವಲ್ಪ ಕೆಳಗ ಮಾರಿ ಮಾಡಿ ಬಿಡತೈತಿ. ಅದರ ಬುಡದಾಗಿನ ಮನಿಗೆ ಕಡಿಮಿ. ನೋಡಬೇಕಾದ್ದು ಅದರ ಎದುರಿಗೆ, ಅದರಷ್ಟ ಎತ್ತರದಾಗ ಯಾರ ಕಿಡಕಿ ಐತಿ ಅಂತ. ದೂರಸಂಪರ್ಕ ಇಲಾಖೆ ಇದಕ್ಕ ಅಂತರದ ಲೆಕ್ಕ ಕೊಟ್ಟೈತಿ: ಎದುರಿಗೆ ಅಷ್ಟ ಎತ್ತರದ ಕಟ್ಟಡ ಇದ್ರ, ಎರಡು ಆಂಟೆನಾಕ್ಕ 35 ಮೀಟರ್, ನಾಕಕ್ಕ 45, ಆರಕ್ಕ 55, ಹನ್ನೆರಡಕ್ಕ 75. ನಿಮ್ಮ ಗಲ್ಲಿ ಅಗಲ ಒಂದು ಟಂಟಂ ಅಂದ್ರಿ. ಕಾಕೂ ಮನಿ ಎಷ್ಟು ಅಂತಸ್ತು, ಎದುರಿನ ಮನಿ ಎಷ್ಟು ಅಂತಸ್ತು? ಆಂಟೆನಾ ಎಲ್ಲಾರ ಸ್ಲ್ಯಾಬ್‌ಗಿಂತ ಮ್ಯಾಲ ಹೋದ್ರ ತಕರಾರಿಲ್ಲ. ಎದುರಿನವರು ನಾಳೆ ಇನ್ನೊಂದು ಮಾಳಿಗಿ ಏರಿಸಿದ್ರ ಆವಾಗ ತಕರಾರ.

ಅನುಮಾನ ಇದ್ರ ಅಳತಿ ಮಾಡಸ್ರಿ. ತರಂಗ ಸಂಚಾರ್ ಅನ್ನೋ ಸರ್ಕಾರದ ಪೋರ್ಟಲ್ 2017ರಾಗ ಬಂತು. ನಿಮ್ಮ ಸುತ್ತಮುತ್ತಲಿನ ಟವರ್ ನಕಾಶೆದಾಗ ತೋರಸತೈತಿ, 4,000 ರೂಪಾಯಿ ಕಟ್ಟಿದ್ರ ಮೀಟರ್ ತಂದು ನಿಮ್ಮ ಜಾಗಾಕ್ಕ ಬಂದು ಅಳೀತಾರ. 42 ಮಂದಿ ಸಹಿ ಮಾಡೀರಿ, ತಲಿಗೆ ನೂರು ರೂಪಾಯಿನೂ ಬೀಳೂದಿಲ್ಲ.

ಖರೇ ತ್ರಾಸ ಜನರೇಟರ್‌ದು. ಕರೆಂಟ್ ಹ್ವಾದ ರಾತ್ರಿ ಎರಡಕ್ಕ ಅದು ಸುರು ಆದ್ರ ತಗಡಿನ ಡಬ್ಬಿದಾಗ ಉಳ್ಳಾಗಡ್ಡಿ ಉಳ್ಳಿಸಿದಂಗ ಆಗತೈತಿ, ಹೊಗಿ ಬ್ಯಾರೆ. ಬ್ಯಾಟರಿ ಅಷ್ಟ ಹಾಕ್ತಾರೋ, ಡೀಸೆಲ್ ಸೆಟ್ ಇಡ್ತಾರೋ, ಎಲ್ಲಿ ಇಡ್ತಾರ, ಮೊದಲ ಕೇಳ್ರಿ.

ತಂಪು ಗಾಳಿ
ಇದನ್ನ ಮೊದಲ ಹೇಳಬಾರದಾ. ನಮ್ಮ ಹಿಂದಿನ ಬಾಡಿಗಿ ಮನಿ ಹಿಂದ ಒಂದು ಇತ್ತು, ಆರು ತಿಂಗಳು ನಮ್ಮತ್ತಿ ನಿದ್ದಿ ಮಾಡಲಿಲ್ಲ. ದೂರು ಎಲ್ಲಿ ಕೊಡೂದು ಅಂತ ಗೊತ್ತಾಗಲಾರದ ಮನಿನ ಬಿಟ್ವಿ.

ಕರಿ ಕೋಟು
ಶಬ್ದ ಮಾಲಿನ್ಯ ನಿಯಮ, 2000. ವಸತಿ ಪ್ರದೇಶಕ್ಕ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕ 45. ನೋಡ್ರಿ, ನಿಮ್ಮ ಹಳದಿ ಬಣ್ಣ ಇಲ್ಲಿ ಉಪಯೋಗಕ್ಕ ಬಂತು! ವಾಣಿಜ್ಯ ಪ್ರದೇಶ ಆಗಿದ್ರ ರಾತ್ರಿ 55 ತನಕ ಬಿಡ್ತಿದ್ರು. ವಲಯ ಅನ್ನೋದು ಟವರ್ ತಡೀಲಿಲ್ಲ, ಆದರೆ ಜನರೇಟರ್ ಬಾಯಿ ಮುಚ್ಚಸ್ತದ.

ಪಾಯಾ ಹಾಕಾಂವ (ಬೆಳಗಾವಿ)
ಸಿವಿಲ್ ಕೆಲಸದವ ನಾನು, ತಡವಾಗಿ ನೋಡಿದೆ. ಇಷ್ಟು ಜನ ಬರೆದಿದ್ದೀರಿ, ಕಟ್ಟಡದ ಬಗ್ಗೆ ವಕೀಲರ ಒಂದು ಸಾಲು ಬಿಟ್ಟರೆ ಯಾರೂ ಮಾತಾಡಿಲ್ಲ.

ಟವರಿನ ತೂಕಕ್ಕಿಂತ ಗಾಳಿ ದೊಡ್ಡ ಲೆಕ್ಕ. ಬೆಳಗಾವಿಯ ಜೂನ್-ಜುಲೈ ಗಾಳಿ ಗೊತ್ತಲ್ಲ, ಛತ್ರಿ ಉಲ್ಟಾ ಮಾಡಿಬಿಡುತ್ತದೆ. ಗಾಳಿ ಟವರನ್ನು ಒಂದು ಕಡೆ ದೂಡಿದಾಗ ಆ ಕಡೆಯ ಕಾಲು ಕೆಳಗೆ ಒತ್ತುತ್ತದೆ, ಈ ಕಡೆಯ ಕಾಲು ಮೇಲಕ್ಕೆ ಎಳೆಯುತ್ತದೆ. ಆ ಎಳೆತ ತಡೆಯಲು ಕಾಲುಗಳು ಕಬ್ಬಿಣದ ತೊಲೆಗಳ ಮೇಲೆ ನಿಂತು, ಆ ತೊಲೆಗಳು ಕಾಲಂ ತಲೆಯ ಮೇಲೆ ಕೂತಿರಬೇಕು. ಕಾಲಂನಿಂದ ಪಾಯಕ್ಕೆ ಭಾರ ಇಳಿಯಬೇಕು. ಬರೀ ಸ್ಲ್ಯಾಬಿಗೆ ಬೋಲ್ಟ್ ಹೊಡೆದರೆ ಮೊದಲ ಮಳೆಗಾಲಕ್ಕೆ ಸೋರುತ್ತದೆ, ಆಮೇಲೆ ಬಿರುಕು.

ಶಹಾಪುರ ಕಡೆಯ ಹಳೇ ಮನೆಗಳಲ್ಲಿ ಬಹಳಷ್ಟು ಕೆಂಪು ಚಿರೆಕಲ್ಲಿನ ಗೋಡೆಯವು. ಕಾಲಂ ಅನ್ನೋದೇ ಇರುವುದಿಲ್ಲ, ಗೋಡೆಯೇ ಭಾರ ಹೊರುತ್ತದೆ. ಆ ಗೋಡೆ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಕಾಕೂ ಮನೆ ಯಾವ ಕಾಲದ್ದು? ಪ್ರಮಾಣಪತ್ರದ ಪ್ರತಿ ತೆಗೆಸಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ, ಮೂವತ್ತು ದಿನ. ಸಿಡಿಲು ತಡೆಯುವ ಕಂಬಿ, ಅದಕ್ಕೆ ಬೇರೆಯೇ ಅರ್ಥಿಂಗ್ ಗುಂಡಿ ಇದೆಯೇ ಅಂತಲೂ ಕೇಳಿ. ಎತ್ತರದ ಟವರ್ ಆದರೆ ಸಾಂಬ್ರಾ ವಿಮಾನ ನಿಲ್ದಾಣದ ಕಾರಣಕ್ಕೆ ಎತ್ತರದ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ, ಆದರೆ ಮನೆ ಮೇಲಿನ ಸಣ್ಣದಕ್ಕೆ ಅದು ತಲೆನೋವಾಗುವುದು ಕಡಿಮೆ.

ಒಬ್ಬ ಮೋಸ ಹೋದಾಂವ (ಮುದ್ದೇಬಿಹಾಳ)
ವಿಷಯ ಸ್ವಲ್ಪ ಬ್ಯಾರೆ, ಆದರೂ ಹೇಳ್ತೀನಿ. "ನಿಮ್ಮ ಹೊಲದಾಗ ಟವರ್ ಹಾಕ್ತೀವಿ, ಅಡ್ವಾನ್ಸ್ ನಲವತ್ತು ಲಕ್ಷ, ತಿಂಗಳಿಗೆ ಅರವತ್ತು ಸಾವಿರ" ಅಂತ ನನಗ ಮೆಸೇಜ್ ಬಂದಿತ್ತು. ಸರ್ಕಾರದ ಮುದ್ರಿ ಹಾಕಿದ ಕಾಗದಾನೂ ಕಳಿಸಿದ್ರು. ಎನ್‌ಓಸಿ ಫೀ ಅಂತ ಮೊದಲ ಎರಡೂವರಿ ಸಾವಿರ, ಆಮ್ಯಾಲ ವಿಮಾ ಅಂತ ಹದಿನೆಂಟು ಸಾವಿರ ಕಟ್ಟಿದೆ. ಆ ಫೋನ್ ಈಗೂ ಬಂದ್ ಅದ. ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಯಾವ ಟವರಿಗೂ ಎನ್‌ಓಸಿ ಕೊಡೂದಿಲ್ಲಂತ ಆಮ್ಯಾಲ ಗೊತ್ತಾತು. ಖರೇ ಕಂಪನಿ ನಮಗ ಬಾಡಿಗಿ ಕೊಡ್ತದ, ನಮ್ಮ ಕಡೆಯಿಂದ ರೊಕ್ಕ ಕೇಳೂದಿಲ್ಲ. ರೊಕ್ಕ ಕಳಕೊಂಡವರು ಕೂಡ್ಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ. ನಾನು ನಾಚಿಕಿಗೆ ಹನ್ನೆರಡು ದಿನ ಸುಮ್ಮ ಕುಂತೆ.

ಮುಳುಗಡಿ ಮಂದಿ
ಅಣ್ಣಾ, ನಾಚಿಕಿ ಯಾಕ. ನಮ್ಮ ಓಣ್ಯಾಗ ಒಬ್ಬ ರಿಟಾಯರ್ಡ್ ಹೆಡ್‌ಮಾಸ್ತರೂ ಕಟ್ಯಾರ.

ಇನ್ನ ತೆರಿಗಿ ಬಗ್ಗೆ ಯಾರಾರ ಹೇಳ್ರಿ. ಟವರ್ ಬಂದ್ರ ಮನಿ ಕರ ಏರತೈತೇನು?

ಕರಿ ಕೋಟು
2016ರ ಡಿಸೆಂಬರ್‌ದಾಗ ಸುಪ್ರೀಂ ಕೋರ್ಟ್ ಟವರ್‌ಗೆ ಆಸ್ತಿ ತೆರಿಗಿ ಹಾಕೂ ಅಧಿಕಾರ ರಾಜ್ಯಗಳಿಗೆ ಅದ ಅಂತ ಹೇಳಿತ್ತು, ಅಹಮದಾಬಾದ್ ಪಾಲಿಕೆ ಪ್ರಕರಣ. 2023ರ ಕಾಯ್ದೆಯ 14ನೇ ಕಲಮು ಈಗ ಉಲ್ಟಾ ದಿಕ್ಕಿಗೆ ಎಳೀತದ: ಆಸ್ತಿ ಮ್ಯಾಲ ಕುಂಡ್ರಿಸಿದ ದೂರಸಂಪರ್ಕ ಜಾಲ ಆ ಆಸ್ತಿಯ ಭಾಗ ಅಲ್ಲ, ಆಸ್ತಿ ತೆರಿಗಿಗೂ ಅಲ್ಲ. ಇದರ ಮ್ಯಾಲ ಇನ್ನ ಬಾಳ ವಾದ ಆಗೂದು ಅದ. ನಮಗ ಹೊಟ್ಟಿಪಾಡು.

ಗಲ್ಲಿ ಕೊನಿ ಮನಿ (ಆರು ವಾರದ ನಂತರ)
ಎಲ್ಲಾರಿಗೂ ಉಪಕಾರ ಆತು ರೀ. ಮಾಹಿತಿ ಹಕ್ಕಿನಾಗ ಕಾಗದ ಬಂತು, 27 ದಿನಕ್ಕ. ಪ್ರಮಾಣಪತ್ರ ಒಂದ ಪಾನಿ. ಅದರೊಳಗ "ನೆಲ ಮತ್ತು ಎರಡು ಅಂತಸ್ತಿನ ಆರ್‌ಸಿಸಿ ಫ್ರೇಮ್ ಕಟ್ಟಡ, ಕಾಲಂ 9 ಇಂಚು 12 ಇಂಚು" ಅಂತ ಬರದಾರ.

ಓದಿ ನಾನು ಎರಡು ನಿಮಿಷ ಸುಮ್ಮ ನಿಂತೆ. ಕಾಕೂ ಮನಿ ನಾನು ಹುಟ್ಟಿದಾಗಿಂದ ನೋಡೇನಿ. ನೆಲ ಮತ್ತ ಒಂದ ಅಂತಸ್ತು. ಗ್ವಾಡಿ ಚಿರೆಕಲ್ಲಿಂದು, ಒಂದೂವರಿ ಫೂಟ್ ದಪ್ಪ, ಕಿಡಕಿ ಕಟ್ಟಿ ಮ್ಯಾಲ ನಾವು ಕುಂತು ಓದತಿದ್ವಿ. ಎಲ್ಲಿ ಕಾಲಂ, ಎಲ್ಲಿ ಫ್ರೇಮ್? ಯಾವುದೋ ಬ್ಯಾರೆ ಮನಿ ಕಾಗದಕ್ಕ ಈ ಮನಿ ನಂಬರ್ ಹಾಕ್ಯಾರ.

ಕಚೇರಿಗೆ ಹೋಗೂ ಮೊದಲ ಕಾಕೂ ಮನಿಗೆ ಹ್ವಾದೆ. ಎರಡು ತಿಂಗಳಾದಮ್ಯಾಲ ಆ ಹೊಸ್ತಿಲ ದಾಟಿದ್ದು. ಆಕಿ ಮಾತಾಡಲಿಲ್ಲ, ಚಹಾ ಇಟ್ಲು. ನಾನು ಕಾಗದ ಓದಿ ಹೇಳಿದೆ, ರೇಡಿಯೇಶನ್ ಸುದ್ದಿ ತೆಗೀಲಿಲ್ಲ. "ಕಾಕೂ, ನಿಮ್ಮ ಮನ್ಯಾಗ ಕಾಲಂ ಎಲ್ಲಿ ಅದಾವ?" ಅಂದೆ. ಆಕಿ ಗ್ವಾಡಿ ಮ್ಯಾಲ ಕೈ ಇಟ್ಟು, "ಇದನ್ನ ನಮ್ಮ ಮಾವ ಕಟ್ಟಿಸಿದ್ದು, ಇದರಾಗ ಒಂದು ಸಳಿ ಇಲ್ಲ" ಅಂದ್ಲು. ಆಮ್ಯಾಲ ಖೋಲಿಯೊಳಗ ಕರಕೊಂಡು ಹೋಗಿ ಜಂತಿ ಹತ್ತರ ಒಂದು ಬಿರುಕು ತೋರಿಸಿದ್ಲು. ಕಬ್ಬಿಣ ಏರಿಸೂ ಮುಂದ ಬೋಲ್ಟಿನ ತೂತು ಕೊರೆದು ನೋಡಿದ್ರಂತ, ಅವತ್ತಿಂದ ಬಿದ್ದದ್ದು.

ಪಾಯಾ ಹಾಕಾಂವ
ಆ ಬಿರುಕಿನ ಫೋಟೋ ಇವತ್ತೇ ತೆಗೆದಿಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಮುಂದೆ ಬೆಳೆದರೆ ಗೊತ್ತಾಗುತ್ತದೆ.

ಕರಿ ಕೋಟು
ಅರ್ಜಿ ಕಾಕೂ ಹೆಸರಿನಾಗ ಹೋಗಲಿ, ನಿಮ್ಮ 42 ಸಹಿ ಹಿಂದ ಇರಲಿ. ಮಾಲಕಿನ "ಈ ಕಾಗದದಾಗಿನ ಮನಿ ನಂದಲ್ಲ" ಅಂದ್ರ ಅದರ ತೂಕ ಬ್ಯಾರೆ. ಒಂದು ಪ್ರತಿ ಜಿಲ್ಲಾಧಿಕಾರಿಗೆ. ಕರಾರು ಪತ್ರದಾಗ ಮುರಿಯೂ ಷರತ್ತು ಏನದ ಓದ್ರಿ, ಆಕಿ ಮ್ಯಾಲ ದಂಡ ಬೀಳಬಾರದು.

ಗಲ್ಲಿ ಕೊನಿ ಮನಿ
ಬರದು ಕೊಟ್ಟೇವಿ. ಕಬ್ಬಿಣ ಇನ್ನ ಅಂಗಳದಾಗ ಬಿದ್ದೈತಿ, ಅದರ ಮ್ಯಾಲ ಕಾಕೂ ಅರಿಬಿ ಒಣಹಾಕಾಕತ್ತಾಳ. ಹದಿನೈದು ಸಾವಿರ ಹೋಗತೈತಲ್ಲ ಅಂತ ಆಕಿಗೆ ಸಂಕಟ ಐತಿ, ಅದು ಸುಳ್ಳಲ್ಲ. ಕೆಳಗಿನ ಖೋಲಿ ಬಾಡಿಗಿಗೆ ಕೊಡೂ ಮಾತ ನಡದೈತಿ, ನಮ್ಮ ಮಗಳ ಕಾಲೇಜಿನ ಇಬ್ಬರು ಹುಡುಗ್ಯಾರು ನೋಡಿ ಹೋಗ್ಯಾರ.

ಕಂಪನಿ ಇಂಜಿನಿಯರ್ ನಾಳೆ ಹತ್ತಕ್ಕ ಬರ್ತಾರಂತ ಫೋನ್ ಬಂದೈತಿ. ಕಾಲಂ ತೋರಸ್ರಿ ಅಂತ ಕೇಳಾಕ ಗಲ್ಲಿ ಮಂದಿ ಎಲ್ಲಾ ರೆಡಿ ಅದಾರ. ಟೇಪು ಕಾಕೂನ ಹಿಡೀತಾಳಂತ.